ಓದುಗರ ಪ್ರಶ್ನೆ, ನಮ್ಮ ಉತ್ತರ: ಲಾವೋಸಿನ ಹಳೆಯ ಹಾಡು ಹುಡುಕುವವರಿಗೆ

ಹಿಂದಿನ ಸಂಚಿಕೆಯಲ್ಲಿ ಲಾವೋಸಿನ ಖೇನ್ ವಾದ್ಯದ ಪರಿಚಯ ಬಂದಿತ್ತು. ಬಿದಿರ ಕೊಳವೆಗಳನ್ನು ಎರಡು ಸಾಲಾಗಿ ಜೋಡಿಸಿ, ನಡುವಿನ ಮರದ ಗೂಡಿಗೆ ಬಾಯಿಟ್ಟು ನುಡಿಸುವ ವಾದ್ಯ ಅದು. 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅದನ್ನು ಓದಿ ಮುಂಬಯಿ, ಪುಣೆ, ಗೋವಾಗಳಿಂದ ಬರೆದವರು ಹೆಚ್ಚಾಗಿ ಕೇಳಿದ್ದು ಇನ್ನೊಂದನ್ನು: ಆ ನಾಡಿನ ಹಳೆಯ ಜನಪ್ರಿಯ ಹಾಡುಗಳು ಎಲ್ಲಿ, ಹೇಗೆ ಸಿಗುತ್ತವೆ? ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಯೂಟ್ಯೂಬಿನಲ್ಲಿ ‘ಲಾವೊ ಓಲ್ಡ್ ಸಾಂಗ್ಸ್’ ಎಂದು ಹುಡುಕಿದರೆ ಕೀಬೋರ್ಡ್ ಹಾಕಿದ ಈಚಿನ ಕರೋಕೆಯೇ ಸಾಲುಸಾಲಾಗಿ ಬರುತ್ತದೆ. ನನಗೆ 1975ಕ್ಕಿಂತ ಹಿಂದಿನ ಮೂಲ ಧ್ವನಿಮುದ್ರಣ ಬೇಕು. ಏನೆಂದು ಹುಡುಕಲಿ?
— ಓದುಗರು, ಮಾಟುಂಗಾ

ಉತ್ತರ: ಹಳೆಯ ಹಾಡು ಬೇರೆ, ಹಳೆಯ ಧ್ವನಿಮುದ್ರಣ ಬೇರೆ ಎಂಬುದನ್ನು ನೀವಾಗಲೇ ಕಂಡುಕೊಂಡಿದ್ದೀರಿ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. 1975ರ ಡಿಸೆಂಬರ್ 2ರಂದು ಲಾವೋಸಿನಲ್ಲಿ ಅರಸೊತ್ತಿಗೆ ಕೊನೆಗೊಂಡಿತು. ರಾಜಧಾನಿ ವಿಯೆಂಟಿಯಾನಿನ ಕ್ಲಬ್ಬುಗಳಲ್ಲಿ ಬ್ಯಾಂಡ್ ಕಟ್ಟಿಕೊಂಡು ಹಾಡುತ್ತಿದ್ದವರಲ್ಲಿ ಅನೇಕರು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿಗೆ, ಅಲ್ಲಿಂದ ಫ್ರಾನ್ಸ್, ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೋದರು. ಹೋದಲ್ಲೆಲ್ಲ ಅವೇ ಹಾಡುಗಳನ್ನು ಹೊಸ ವಾದ್ಯಮೇಳದೊಂದಿಗೆ ಮತ್ತೆ ಮತ್ತೆ ಹಾಡಿ ಮೊದಲು ಕ್ಯಾಸೆಟ್, ಆಮೇಲೆ ವಿಸಿಡಿ ತಂದರು. ನಿಮಗೆ ಮೇಲೆ ಮೇಲೆ ಸಿಗುತ್ತಿರುವುದು ಈ ಎರಡನೆಯ, ಮೂರನೆಯ ಸುತ್ತಿನದು.

ಕಿವಿಯಿಂದ ಬೇರ್ಪಡಿಸುವುದು ಕಷ್ಟವಲ್ಲ. ತಾಳ ಗಡಿಯಾರದಂತೆ ಒಂದೇ ಸಮ ಬಡಿಯುತ್ತಿದ್ದರೆ, ತಂತಿವಾದ್ಯವೂ ತುತ್ತೂರಿಯೂ ಕೀಬೋರ್ಡಿನಿಂದಲೇ ಬರುತ್ತಿದ್ದರೆ ಅದು 1980ರಿಂದ ಈಚೆಗೆ ಮಾಡಿದ್ದು. ಧ್ವನಿ ಮೊನೊ (ಎಡ-ಬಲ ಭೇದವಿಲ್ಲದೆ ಒಂದೇ) ಆಗಿದ್ದು, ಹಾಡಿನ ಕೊನೆಗೆ ಲಯ ತುಸು ಏರಿ, ಗ್ರಾಮಫೋನ್ ತಟ್ಟೆಯ ಚಿಟಪಟ ಕೇಳಿಸಿದರೆ ಹಿಡಿದು ನೋಡಬಹುದು. ಚಿಟಪಟವನ್ನು ಆಮೇಲೆ ಸೇರಿಸುವವರೂ ಇದ್ದಾರೆ. ಹಾಗಾಗಿ ಅದೊಂದನ್ನೇ ನಂಬಬೇಡಿ.

ಇನ್ನು ಹುಡುಕುವ ಪದಗಳು. ರೋಮನ್, ಲಾವೊ, ಥಾಯ್ ಮೂರೂ ಲಿಪಿಗಳಲ್ಲಿ ಹುಡುಕಬೇಕು. ಒಂದರಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ಸಿಗುವುದಿಲ್ಲ.

ರೋಮನ್ ಲಿಪಿಯಲ್ಲಿ ಲಾವೊಗೆ ಎಲ್ಲರೂ ಪಾಲಿಸುವ ಒಂದೇ ಕಾಗುಣಿತವಿಲ್ಲ. ಫ್ರೆಂಚರ ಆಳ್ವಿಕೆಯ ರೂಢಿಯಲ್ಲಿ ‘ಉ’ಕಾರಕ್ಕೆ ಒ-ಯು ಜೋಡಿ, ‘ಸ’ಕಾರಕ್ಕೆ ಎಷ್ಟೋ ಕಡೆ ಎಕ್ಸ್. ಇಂಗ್ಲಿಷ್ ರೂಢಿಯಲ್ಲಿ ಅದೇ ಹೆಸರು ಯು ಮತ್ತು ಎಸ್ ಹಾಕಿ ಬರುತ್ತದೆ. ಹಾಗಾಗಿ ಗಾಯಕರ ಹೆಸರು ಸಿಕ್ಕಿದ ತಕ್ಷಣ ಅದರ ಮೂರು ನಾಲ್ಕು ರೂಪ ಬರೆದಿಟ್ಟುಕೊಳ್ಳಿ. ವಾದ್ಯದ ಹೆಸರೇ ಖೇನ್, ಖೆನೆ, ಕೇನ್, ಖ್ಯಾನ್ ಎಂದೆಲ್ಲ ಓದಿಕೊಳ್ಳಬಹುದಾದ ನಾಲ್ಕೈದು ರೂಪಗಳಲ್ಲಿದೆ. ಪಿ-ಎಚ್ ಕಂಡರೆ ನಮ್ಮ ‘ಫಲ’ದ ಫ ಎಂದು ಓದಿ, ಫ್ಯಾನಿನ ಫ ಎಂದಲ್ಲ. ಹಾಡಿಗೆ ಲಾವೊದಲ್ಲಿ ‘ಫೇಂಗ್’ ಎನ್ನುತ್ತಾರೆ, ಅದೂ ಇದೇ ಫ.

ಲಾವೊ ಲಿಪಿಯಲ್ಲಿ ಮೂರು ಪದಗುಚ್ಛ ಸಾಕು. ‘ಫೇಂಗ್ ಲಾವ್ ಕಾವ್’ ಎಂದರೆ ಹಳೆಯ ಲಾವೊ ಹಾಡು. ‘ಫೇಂಗ್ ಲಾವ್ ಸಮಯ್ ಕೋನ್’ ಎಂದರೆ ಹಿಂದಿನ ಕಾಲದ ಹಾಡು. ಇಲ್ಲಿನ ಸಮಯ್ ನಮ್ಮ ಸಮಯವೇ. ‘ಲಾಮ್‌ವೊಂಗ್’ ಎಂದರೆ ಸುತ್ತುಗಟ್ಟಿ ಕುಣಿಯುವ ಕುಣಿತದ ಹಾಡು. ಹಳೆಯ ಜನಪ್ರಿಯ ಹಾಡುಗಳಲ್ಲಿ ಬಹುಪಾಲು ಈ ಲಯದವು. ಫೋನಿನ ಗೂಗಲ್ ಕೀಬೋರ್ಡಿಗೆ ಲಾವೊ ಸೇರಿಸಿಕೊಳ್ಳಿ, ಇಲ್ಲವೇ ಅನುವಾದದ ಆ್ಯಪಿನಲ್ಲಿ ಒಂದೊಂದೇ ಪದ ಕೊಟ್ಟು ನಕಲಿಸಿ. ಇಡೀ ವಾಕ್ಯ ಕೊಟ್ಟರೆ ಎಡವುತ್ತದೆ. ಲಾವೊದಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯಿಲ್ಲ. ಜಾಗ ಬಿಟ್ಟು ಒಮ್ಮೆ, ಬಿಡದೆ ಒಮ್ಮೆ ಹುಡುಕಿ.

ಬಹಳ ಜನ ಎಡವುವುದು ಯೂನಿಕೋಡಿನಲ್ಲಿ. ‘ಲಾಮ್’ ಎಂಬ ಪದದ ‘ಆಮ್’ ಚಿಹ್ನೆಯನ್ನು ಒಂದೇ ಅಕ್ಷರವಾಗಿಯೂ ಒತ್ತಬಹುದು, ಮೇಲಿನ ಸೊನ್ನೆ ಮತ್ತು ಪಕ್ಕದ ದೀರ್ಘ ಎಂದು ಎರಡಾಗಿಯೂ ಒತ್ತಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ‘ಸಮಯ್’ ಪದದ ‘ಮ’ಕ್ಕೂ ಇದೇ ಗತಿ: ‘ಹ’ ಮತ್ತು ‘ಮ’ ಕೂಡಿದ ಒಂದು ಅಕ್ಷರ ಅಥವಾ ಎರಡು ಬಿಡಿ ಅಕ್ಷರ. ನುಡಿ, ಬರಹದ ಹಳೆಯ ಕಡತಗಳು ಹುಡುಕಿದರೆ ಸಿಗದ ಪಾಡನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎರಡೂ ರೂಪಗಳಲ್ಲಿ ಹುಡುಕಿ. ಫಲಿತಾಂಶದ ಪಟ್ಟಿ ಬದಲಾಗುವುದನ್ನು ನೀವೇ ನೋಡುತ್ತೀರಿ.

ಥಾಯ್ ಲಿಪಿಯಲ್ಲಿ ಹುಡುಕುವಾಗ ‘ರ’ಕಾರ ನೆನಪಿರಲಿ. ಥಾಯ್ ಭಾಷೆಯ ರ ಲಾವೊದಲ್ಲಿ ಲ ಅಥವಾ ಹ ಆಗುತ್ತದೆ. ಅವರ ‘ರಾಮ್‌ವೊಂಗ್’ ಇವರ ‘ಲಾಮ್‌ವೊಂಗ್’. ಅಲ್ಲಿ ಗಾಯಕ ‘ನಕ್ ರೋಂಗ್’, ಇಲ್ಲಿ ‘ನಕ್ ಹೋಂಗ್’. 1975ರ ನಂತರದ ಲಿಪಿ ಸುಧಾರಣೆಯಲ್ಲಿ ಲಾವೊ ವರ್ಣಮಾಲೆಯಿಂದ ರ ಅಕ್ಷರವನ್ನೇ ತೆಗೆದುಹಾಕಿದ್ದರು, ಆಮೇಲೆ ಅದು ಮರಳಿತು. ಹೀಗಾಗಿ ಒಬ್ಬರೇ ಗಾಯಕರ ಹೆಸರು ಅರಸರ ಕಾಲದ ತಟ್ಟೆಯ ಮೇಲೆ ಒಂದು ಬಗೆ, ಈಚಿನ ಸಿ.ಡಿ.ಯ ಮೇಲೆ ಇನ್ನೊಂದು ಬಗೆ ಇದ್ದರೆ ಅಚ್ಚಿನ ತಪ್ಪೆಂದು ತಳ್ಳಿಹಾಕಬೇಡಿ.

ಹಾಡಿನ ಹೆಸರಿನ ಜೊತೆಗೆ ‘ಫೇನ್ ಸಿಯಾಂಗ್’ ಎಂಬ ಪದವನ್ನು ಲಾವೊದಲ್ಲಿ ಒಮ್ಮೆ, ಥಾಯ್‌ನಲ್ಲಿ ಒಮ್ಮೆ ಸೇರಿಸಿ. ಗ್ರಾಮಫೋನ್ ತಟ್ಟೆ ಎಂದರ್ಥ. ತಟ್ಟೆಯಿಂದ ನೇರ ಇಳಿಸಿಕೊಂಡವರು ಸಾಮಾನ್ಯವಾಗಿ ಈ ಪದ ಹಾಕುತ್ತಾರೆ, ಕರೋಕೆಯವರು ಹಾಕುವುದಿಲ್ಲ. ಇನ್ನೊಂದು ದಾರಿ, ಕುಣಿತದ ಹೆಸರು. ಲಾವೊ ಮದುವೆ, ಹಬ್ಬಗಳಲ್ಲಿ ಲಾಮ್‌ವೊಂಗ್ ಜೊತೆಗೆ ಸಾರವಾನ್, ಬಾಸ್‌ಲೋಪ್, ಚಾ-ಚಾ-ಚಾ, ಮ್ಯಾಡಿಸನ್ ಕುಣಿತಗಳೂ ಇವೆ. ಗಾಯಕರ ಹೆಸರಿಗೆ ಬದಲು ಈ ಹೆಸರುಗಳನ್ನು ಕೊಟ್ಟರೆ ಬೇರೆಯದೇ ಗಣಿ ತೆರೆಯುತ್ತದೆ. ಹುಡುಕಾಟ ಸರಿಯಾಗಿದೆಯೇ ಎಂದು ನೋಡಲು ಒಂದು ಒರೆಗಲ್ಲು ಬೇಕಿದ್ದರೆ ‘ದುವಾಂಗ್ ಚಂಪಾ’ ಹಾಡನ್ನು ಹಿಡಿಯಿರಿ. ಎಲ್ಲರಿಗೂ ಗೊತ್ತಿರುವ ಹಾಡಾದ್ದರಿಂದ ಹಲವು ತಲೆಮಾರಿನ ಆವೃತ್ತಿಗಳು ಒಟ್ಟಿಗೆ ಕೇಳಸಿಗುತ್ತವೆ. ಅಂದಹಾಗೆ, ಆ ಚಂಪಾ ನಮ್ಮ ಸಂಪಿಗೆಯಲ್ಲ, ದೇವಕಣಗಿಲೆ. ಮರಾಠಿಯವರ ‘ಚಾಫಾ’ ಇಲ್ಲಿ ಸರಿಯಾಗಿ ಕೂಡುತ್ತದೆ.

ಪ್ರಶ್ನೆ: ಜೂನಾ ಬಜಾರಿನಲ್ಲಿ ಏಳಿಂಚಿನ ಒಂದು ತಟ್ಟೆ ಸಿಕ್ಕಿತು. ಅಕ್ಷರಗಳು ಗುಂಡಗಿವೆ. ಲಾವೊ ಇರಬಹುದೆ? ಲೇಬಲ್ಲಿನಲ್ಲಿ 2515 ಎಂದು ಬೇರೆ ಇದೆ, ಅದೇನು?
— ಓದುಗರು, ಕೊಥ್ರೂಡ್, ಪುಣೆ

ಉತ್ತರ: ಅದು ಇಸವಿಯೇ ಆಗಿದ್ದರೆ ಬುದ್ಧ ಶಕೆ. 543 ಕಳೆಯಿರಿ: 1972. ಥಾಯ್ ತಟ್ಟೆ, ಕ್ಯಾಸೆಟ್‌ಗಳ ಮೇಲೆ ಇದೇ ಲೆಕ್ಕ. ಕೆಲವೊಮ್ಮೆ ಥಾಯ್ ಅಂಕಿಗಳಲ್ಲೇ ಇರುತ್ತದೆ. ನಾಲ್ಕಂಕಿಯಲ್ಲಿ ಮೊದಲೆರಡು 25 ಆಗಿದ್ದರೆ ಇಸವಿ ಎಂದು ಹಿಡಿಯಬಹುದು. ಎಷ್ಟೋ ತಟ್ಟೆಗಳ ಮೇಲೆ ಇಸವಿಯೇ ಇರುವುದಿಲ್ಲ, ಇರುವುದು ಕಂಪನಿಯ ಕ್ರಮಸಂಖ್ಯೆ. ಅಂಕಿಯ ಹಿಂದೆ ಅಕ್ಷರಗಳಿದ್ದರೆ ಅದು ಕ್ರಮಸಂಖ್ಯೆಯಾಗಿರುವ ಸಂಭವವೇ ಹೆಚ್ಚು.

ಲಿಪಿಯ ವಿಷಯಕ್ಕೆ ಬಂದರೆ, ಥಾಯ್ ಮತ್ತು ಲಾವೊ ಲಿಪಿಗಳು ಕನ್ನಡ-ತೆಲುಗಿನಷ್ಟು ಹತ್ತಿರ. ಲಾವೊ ಹೆಚ್ಚು ಗುಂಡಗೆ, ಅಕ್ಷರಗಳು ಕಡಿಮೆ. ಥಾಯ್‌ನಲ್ಲಿ 44 ವ್ಯಂಜನಗಳಿದ್ದು ನಿಲುವು ನೆಟ್ಟಗೆ. ಥಾಯ್‌ನ ಒಂದೆರಡು ಅಕ್ಷರಗಳಿಗೆ ಕೆಳಗೆ ಅಂಟದೆ ನಿಂತ ಪುಟ್ಟ ಬಾಲವಿದೆ, ಲಾವೊದಲ್ಲಿ ಅದಿಲ್ಲ. ಅಕ್ಷರದ ತಲೆಯ ಮೇಲೆ ‘ಇದನ್ನು ಉಚ್ಚರಿಸಬೇಡ’ ಎನ್ನುವ ಸಣ್ಣ ಸುರುಳಿ ಪದೇ ಪದೇ ಕಂಡರೆ ಥಾಯ್. ಆದರೆ 1975ಕ್ಕೆ ಮೊದಲಿನ ಲಾವೊ ಬರಹದಲ್ಲೂ ಅದು ಅಲ್ಲಲ್ಲಿ ಬರುತ್ತದೆ. ಸಾಲಿನ ಕೆಳಗೆ ಒತ್ತಕ್ಷರಗಳಿದ್ದರೆ ಖ್ಮೇರ್, ಅಂದರೆ ಕಾಂಬೋಡಿಯ. ಪೂರ್ಣ ವೃತ್ತಗಳೇ ತುಂಬಿದ್ದರೆ ಬರ್ಮಾದ್ದು. ಸಂಶಯವಿದ್ದರೆ ಫೋನಿನ ಗೂಗಲ್ ಲೆನ್ಸ್ ಹಿಡಿಯಿರಿ. ಲೇಬಲ್ಲನ್ನು ಓರೆಬೆಳಕಿನಲ್ಲಿ, ಹೊಳಪು ಬೀಳದಂತೆ ಇಟ್ಟು ತೆಗೆಯಿರಿ.

ಥಾಯ್ ಲಿಪಿ ಎಂದು ಗೊತ್ತಾದ ಕೂಡಲೇ ಬದಿಗಿಡಬೇಡಿ. ಥಾಯ್ಲೆಂಡಿನ ಈಶಾನ್ಯ ಭಾಗ, ಇಸಾನ್, ಲಾವೊ ಮಾತಾಡುವ ನಾಡು. ಅಲ್ಲಿನ ಲಾವೊ ಭಾಷಿಕರ ಸಂಖ್ಯೆ ಲಾವೋಸಿನ ಒಟ್ಟು ಜನಸಂಖ್ಯೆಯನ್ನೇ ಮೀರಿಸುತ್ತದೆ. ಅಲ್ಲಿನ ಗಾಯಕರ ತಟ್ಟೆಗಳು ಬ್ಯಾಂಕಾಕಿನಲ್ಲಿ, ಥಾಯ್ ಲಿಪಿಯಲ್ಲಿ ಬಂದವು. ಹಾಡಿನ ನುಡಿ ಮಾತ್ರ ಲಾವೊ. ಲೇಬಲ್ಲಿನಲ್ಲಿ ‘ಮೊ ಲಾಮ್’ ಅಥವಾ ‘ಲಾಮ್ ಫ್ಲನ್’ ಎಂಬ ಪದವಿದ್ದರೆ ನಿಮ್ಮ ತಟ್ಟೆ ಆ ಬಗೆಯದು. ಮೊ ಎಂದರೆ ಬಲ್ಲವ, ಲಾಮ್ ಎಂದರೆ ಖೇನ್ ಜೊತೆ ಪದ್ಯ ಕಟ್ಟಿ ಹಾಡುವ ರೀತಿ. ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ ದೊರೆ ಮೊಂಗ್‌ಕುಟ್ 1865ರಲ್ಲಿ ‘ಲಾವೊ ಖೇನ್’ ಆಟವನ್ನು ನಿಷೇಧಿಸುವಷ್ಟು ಅದು ಬ್ಯಾಂಕಾಕಿನಲ್ಲಿ ಹಬ್ಬಿತ್ತು.

ಹಾಗೆಯೇ ‘ಲಾವ್’ ಎಂದು ಶುರುವಾಗುವ ಹೆಸರನ್ನು ಕಂಡು ಹಿಗ್ಗಬೇಡಿ. ಥಾಯ್ ಶಾಸ್ತ್ರೀಯ ಸಂಗೀತದಲ್ಲಿ ಲಾವೊ ಛಾಯೆಯ ಕೃತಿಗಳ ಹೆಸರಿಗೆ ಮುಂದೆ ‘ಲಾವ್’ ಸೇರಿಸುವ ಪದ್ಧತಿಯಿದೆ. ಅವನ್ನು ರಚಿಸಿದವರು ಬ್ಯಾಂಕಾಕಿನ ಅರಮನೆಯ ಸಂಗೀತಗಾರರು.

ನುಡಿಸುವ ಮುನ್ನ ನಡುವಿನ ತೂತು ನೋಡಿ. ಸುಮಾರು 38 ಮಿ.ಮೀ. ಅಗಲವಿದ್ದರೆ ಅಡಾಪ್ಟರ್ ಬೇಕು. ಬರೀ ಅಂದಾಜಿನಲ್ಲಿ ನಡುವಿಗಿಟ್ಟರೆ ಶ್ರುತಿ ತೂಗಾಡುತ್ತದೆ. ವೇಗ 45. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರ್‌ಗಳಲ್ಲಿ ಸೂಜಿಯ ಭಾರ 5 ಗ್ರಾಂವರೆಗೂ ಇರುತ್ತದೆ, ಒಳ್ಳೆಯ ಕಾರ್ಟ್ರಿಜ್‌ಗೆ 2 ಗ್ರಾಂ ಸಾಕು. ಅಪರೂಪದ ತಟ್ಟೆಯ ಮೇಲೆ ಆ ಸೂಟ್‌ಕೇಸನ್ನು ಪ್ರಯೋಗಿಸಬೇಡಿ.

ಪ್ರಶ್ನೆ: ಲಾವೊ ವಿಸಿಡಿಯಲ್ಲಿ ಹಾಡುವವರ ಧ್ವನಿ ಬಲಗಡೆಯ ಸ್ಪೀಕರಿನಿಂದ ಮಾತ್ರ ಬರುತ್ತಿದೆ. ಡಿಸ್ಕ್ ಹಾಳಾಗಿದೆಯೇ?
— ಓದುಗರು, ವಾಸ್ಕೊ, ಗೋವಾ

ಉತ್ತರ: ಇಲ್ಲ. ಕರೋಕೆ ವಿಸಿಡಿಗಳಲ್ಲಿ ಒಂದು ಚಾನಲ್‌ಗೆ ಬರೀ ವಾದ್ಯ, ಇನ್ನೊಂದಕ್ಕೆ ವಾದ್ಯ ಮತ್ತು ಧ್ವನಿ ಹಾಕುವುದು ರೂಢಿ. ಕಂಪ್ಯೂಟರಿಗೆ ಹಾಕಿ, ಎಂಪೆಗ್‌ಎವಿ ಫೋಲ್ಡರಿನ ಡಾಟ್ ಡಿಎಟಿ ಕಡತವನ್ನು ವಿಎಲ್‌ಸಿಯಲ್ಲಿ ತೆರೆದು, ಧ್ವನಿಯಿರುವ ಚಾನಲ್ ಒಂದನ್ನೇ ಮೊನೊ ಮಾಡಿ ಉಳಿಸಿ. ಎರಡನ್ನೂ ಬೆರೆಸಿದರೆ ಧ್ವನಿ ಹಿಂದಕ್ಕೆ ಸರಿದು ವಾದ್ಯವೇ ಮೇಲಾಗುತ್ತದೆ. ಬರೀ ವಾದ್ಯದ ಚಾನಲನ್ನು ಅಳಿಸಬೇಡಿ, ಹಾಡಿಕೊಳ್ಳಲಿಕ್ಕಾದರೂ ಬೇಕಾದೀತು.

ಪ್ರಶ್ನೆ: ನನ್ನದು ಧಾರವಾಡದ ಹಿಂದುಸ್ತಾನಿ ಕಿವಿ. ಎಲ್ಲಿಂದ ಕೇಳಲು ಶುರುಮಾಡಬೇಕು, ಏನನ್ನು ಗಮನಿಸಬೇಕು?
— ಓದುಗರು, ಮಡಗಾಂವ್

ಉತ್ತರ: ಆ ಕಿವಿ ಇಲ್ಲಿ ದೊಡ್ಡ ಅನುಕೂಲ. ಹದಿನಾರು ಕೊಳವೆಯ ಸಾಮಾನ್ಯ ಖೇನ್‌ನಲ್ಲಿ ನುಡಿಸುವ ಧಾಟಿಗಳಿಗೆ ‘ಲಾಯ್’ ಎಂದು ಹೆಸರು. ಎಲ್ಲವೂ ಐದು ಸ್ವರದವು, ಎರಡು ಗುಂಪಿನವು. ‘ಸಾನ್’ ಗುಂಪಿನ ಸ್ವರಗಳನ್ನು ಅದರ ಆಧಾರದಿಂದ ಎಣಿಸಿದರೆ ಸ ರಿ ಮ ಪ ಧ, ಅಂದರೆ ದುರ್ಗಾ ರಾಗ. ಕರ್ನಾಟಕಿಯವರಿಗೆ ಶುದ್ಧ ಸಾವೇರಿ. ‘ಯಾವ್’ ಗುಂಪು ಕೋಮಲ ಗಾಂಧಾರ, ಕೋಮಲ ನಿಷಾದದ ಸ ಗ ಮ ಪ ನಿ, ನಮ್ಮ ಧಾನಿಯ ಸ್ವರಗಳು. ಮೊದಲ ಗುಂಪಿನಲ್ಲಿ ಸುತ್‌ಸನೇನ್, ಪೋ ಸಾಯ್, ಸೋಯ್. ಎರಡನೆಯದರಲ್ಲಿ ಯಾಯ್, ನೋಯ್, ಸೆ. ಸ್ವರ ಒಂದೇ ಆದರೂ ಯಾವ ಕೊಳವೆಯ ತೂತನ್ನು ಮೇಣ ಹಚ್ಚಿ ಮುಚ್ಚಿ ಶ್ರುತಿಯಾಗಿ ಹಿಡಿದಿದ್ದಾರೆ ಎಂಬುದರಿಂದ ಲಾಯ್ ಬೇರೆಯಾಗುತ್ತದೆ. ಶ್ರುತಿಯ ಸ್ವರವನ್ನು ಮೊದಲು ಹಿಡಿಯಿರಿ, ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಸಾಮ್ಯ ಸ್ವರಗಳಿಗಷ್ಟೇ, ದುರ್ಗಾದ ಚಲನೆಯನ್ನು ಅಲ್ಲಿ ಹುಡುಕಿದರೆ ನಿರಾಸೆಯಾದೀತು.

ಪ್ರಾದೇಶಿಕ ಹೆಸರುಗಳನ್ನೂ ತಿಳಿದಿರಿ. ದಕ್ಷಿಣದ ಹಾಡುಗಾರಿಕೆ ಲಾಮ್: ಲಾಮ್ ಸಾರವಾನ್, ಲಾಮ್ ಸಿಫನ್‌ದೋನ್, ಲಾಮ್ ತಂಗ್‌ವಾಯ್. ವಿಯೆಂಟಿಯಾನಿನಿಂದ ಉತ್ತರಕ್ಕೆ ಅದೇ ‘ಖಾಪ್’: ಖಾಪ್ ಙುಮ್, ಲುವಾಂಗ್ ಪ್ರಬಾಂಗಿನ ಖಾಪ್ ಥುಮ್. ಬ್ಯಾಂಡಿನ ಹಾಡುಗಳು ಈ ಧಾಟಿಗಳಿಂದ ಧಾರಾಳವಾಗಿ ಎತ್ತಿಕೊಂಡಿವೆ, ಅದರಲ್ಲೂ ಸಾರವಾನ್ ಮತ್ತು ತಂಗ್‌ವಾಯ್‌ಗಳಿಂದ. ಮೂಲ ಕೇಳಿಕೊಂಡು ಆಮೇಲೆ ಗಿಟಾರಿನ ಆವೃತ್ತಿ ಕೇಳಿದರೆ ಎಲ್ಲಿ ಬಗ್ಗಿಸಿದ್ದಾರೆ ಎಂಬುದು ಗೊತ್ತಾಗುತ್ತದೆ.

ಮೂಲಕ್ಕೆ ಯುನೆಸ್ಕೊ ಸಂಗ್ರಹದ ದಕ್ಷಿಣ ಲಾವೋಸ್ ಆಲ್ಬಮ್ ಒಳ್ಳೆಯ ಬಾಗಿಲು. ಆ ಸಂಗ್ರಹ ಈಗ ಅಮೆರಿಕದ ಧ್ವನಿಮುದ್ರಣ ಸಂಸ್ಥೆ ಸ್ಮಿತ್ಸೋನಿಯನ್ ಫೋಕ್‌ವೇಸ್ ಕೈಯಲ್ಲಿದೆ, ಆನ್‌ಲೈನಿನಲ್ಲಿ ಸಿಗುತ್ತದೆ. ಇನ್ನೂ ಹಿಂದಕ್ಕೆ ಹೋಗುವವರು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ತಾಣದಲ್ಲಿ 1931ರ ಪ್ಯಾರಿಸ್ ವಸಾಹತು ಪ್ರದರ್ಶನದ ಮುದ್ರಣಗಳನ್ನು ನೋಡಬಹುದು. ಅಲ್ಲಿ ಫ್ರೆಂಚ್ ಕಾಗುಣಿತದಲ್ಲೇ ಹುಡುಕಬೇಕು. ಇಸಾನಿನ ತಟ್ಟೆಗಳಿಗೆ ಲಂಡನ್ನಿನ ಸೌಂಡ್‌ವೇ ಕಂಪನಿ 2010ರಲ್ಲಿ ತಂದ ‘ದಿ ಸೌಂಡ್ ಆಫ್ ಸಯಾಮ್’, ಮತ್ತು ಬ್ಯಾಂಕಾಕಿನ ಜುದ್ರಂಗ್‌ಮಾ ಕಂಪನಿಯ ಮರುಮುದ್ರಣಗಳು. ಸೌಂಡ್‌ವೇ ಸಂಕಲನದಲ್ಲಿ ಥಾಯ್ ಬಯಲುಸೀಮೆಯ ‘ಲುಕ್ ಥುಂಗ್’ ಮತ್ತು ಲಾವೊ ಮೂಲದ ಮೊ ಲಾಮ್ ಬೆರೆತಿವೆ. ಖೇನ್ ಅಥವಾ ‘ಫಿನ್’ ಎಂಬ ತಂತಿವಾದ್ಯ ಮುಂದಾಳಾಗಿದ್ದರೆ ಎರಡನೆಯದೆಂದು ತಿಳಿಯಿರಿ. ಗಾಯಕಿಯರಲ್ಲಿ ಛವೀವನ್ ದಮ್ನೋನ್, ಅಂಗ್‌ಖನಾಂಗ್ ಖುಂಛಾಯ್ ಹೆಸರುಗಳಿಂದ ಶುರುಮಾಡಿ. ಓದುವವರಿಗೆ ಟೆರಿ ಮಿಲ್ಲರ್ ಅವರ 1985ರ ಪುಸ್ತಕವಿದೆ. ಮೇಲಿನ ಲಾಯ್ ವಿವರವೆಲ್ಲ ಅದರಲ್ಲಿ ಬಿಡಿಸಿ ಹೇಳಿದೆ.

ಪ್ರಶ್ನೆ: ವಿದೇಶದಲ್ಲಿರುವ ನೆಂಟರು ಹಳೆಯ ಲಾವೊ ಕ್ಯಾಸೆಟ್ ಹನ್ನೆರಡು ಕಳಿಸಿದ್ದಾರೆ. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಮಳೆಗಾಲ ಬಂತು. ಕಂಪ್ಯೂಟರಿಗೆ ಇಳಿಸುವುದು ಹೇಗೆ?
— ಓದುಗರು, ಡೊಂಬಿವಲಿ

ಉತ್ತರ: ಬೂಷ್ಟು ಹಿಡಿದವನ್ನು ಈಗಲೇ ಬೇರೆ ಮಾಡಿ, ಜಿಪ್ ಚೀಲದಲ್ಲಿ ಹಾಕಿ. ಡೆಕ್ಕಿಗೆ, ಅಂದರೆ ಕ್ಯಾಸೆಟ್ ನುಡಿಸುವ ಯಂತ್ರಕ್ಕೆ ಹಾಕಿದರೆ, ಟೇಪು ತಾಗುವ ಹೆಡ್ಡಿನ ಮೂಲಕ ಉಳಿದವಕ್ಕೂ ಹರಡುತ್ತದೆ. ತೇವಾಂಶ ಶೇ. 65 ದಾಟಿದರೆ ಬೂಷ್ಟು ಬೆಳೆಯುತ್ತದೆ, ಮುಂಬಯಿಯ ಜುಲೈನಲ್ಲಿ ಅದು 80ರ ಮೇಲೇ ಇರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ವಾರ ಇಡಿ. ಬಣ್ಣ ಬದಲಿಸುವ ಕಿತ್ತಳೆ ಜೆಲ್ ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮನೆಗೆ ಬೇಡ. ಬಣ್ಣ ತಿರುಗಿದಾಗ ಒವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಒಣಗಿಸಿದರೆ ಮತ್ತೆ ಬರುತ್ತದೆ. ಹೊರಗೋಡೆಗೆ ತಾಗಿದ ಕಪಾಟು ಮಳೆಗಾಲದಲ್ಲಿ ಬೆವರುತ್ತದೆ, ಅಲ್ಲಿ ಇಡಬೇಡಿ.

ಒಣಗಿದ ಬೂಷ್ಟನ್ನು ಎನ್-95 ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ, ಮೆತ್ತನೆಯ ಬ್ರಷ್‌ನಿಂದ ಉದುರಿಸಿ. ಐದು ಸ್ಕ್ರೂ ಇರುವ ಡಬ್ಬಿಯಾದರೆ ಬಿಚ್ಚಿ ಎರಡೂ ಉಂಡೆಗಳನ್ನು ಎತ್ತಿ ಹೊಸ ಖಾಲಿ ಡಬ್ಬಿಗೆ ವರ್ಗಾಯಿಸುವುದೇ ಒಳ್ಳೆಯದು. ಸ್ಕ್ರೂ ಇಲ್ಲದೆ ಬೆಸೆದ ಡಬ್ಬಿಯನ್ನು ಬ್ಲೇಡಿನಿಂದ ಜೋಡಣೆಯ ಗುಂಟ ಬಿಡಿಸಬೇಕಾಗುತ್ತದೆ. ಮೊದಲು ಬೇಡದ ಒಂದು ಕ್ಯಾಸೆಟ್ ಮೇಲೆ ಕೈ ಪಳಗಿಸಿಕೊಳ್ಳಿ. ಬಿಚ್ಚಿದಾಗ ಟೇಪಿನ ಹಿಂದೆ ಇರುವ ಪುಟ್ಟ ಫೆಲ್ಟ್ ತುಂಡು ಗಟ್ಟಿಯಾಗಿದೆಯೇ ನೋಡಿ. ಅಂಟು ಒಣಗಿ ಅದು ಉದುರಿರುತ್ತದೆ. ಅದಿಲ್ಲದಿದ್ದರೆ ಟೇಪು ಹೆಡ್ಡಿಗೆ ಒತ್ತಿಕೊಳ್ಳದೆ ಧ್ವನಿ ಮಂಕಾಗಿ ಬಂದು ಹೋಗಿ ಮಾಡುತ್ತದೆ, ಜನ ಟೇಪೇ ಸವೆದಿದೆ ಎಂದುಕೊಳ್ಳುತ್ತಾರೆ. ಟೇಪನ್ನು ಒವನ್‌ನಲ್ಲಿ ಬೇಯಿಸಬೇಕೆಂಬ ಸಲಹೆ ಎಲ್ಲಾದರೂ ಕಂಡರೆ, ಅದು ಕೆಲವು ಬಗೆಯ ದೊಡ್ಡ ರೀಲ್ ಟೇಪುಗಳಿಗೆ ಸಂಬಂಧಿಸಿದ್ದು. ಕ್ಯಾಸೆಟ್ ಡಬ್ಬಿ ಸೊಟ್ಟಗಾಗುತ್ತದೆ.

ಡೆಕ್ಕಿಗಾಗಿ ಚೋರ್ ಬಜಾರಿನ ಮಟನ್ ಸ್ಟ್ರೀಟ್ ನೋಡಬಹುದು, ಶುಕ್ರವಾರ ಬಿಟ್ಟು. ಲಾವೊ ಕ್ಯಾಸೆಟ್ ಸಿಕ್ಕೀತೆಂದು ಅಲ್ಲಿಗೆ ಹೋಗಬೇಡಿ, ಯಂತ್ರಕ್ಕಾಗಿ ಹೋಗಿ. ನೀವು ಚೆನ್ನಾಗಿ ಬಲ್ಲ ಒಂದು ಕ್ಯಾಸೆಟ್ ಒಯ್ಯಿರಿ, ಅದರಲ್ಲಿ ಹಾರ್ಮೋನಿಯಂ ಅಥವಾ ಕೊಳಲಿನ ಉದ್ದ ಸ್ವರವಿರಲಿ. ಸ್ವರ ಅಲುಗಾಡಿದರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲ. ಬೆಲ್ಟ್ ಬದಲಿಸಬಹುದು, ಸವೆದು ಗೀರು ಬಿದ್ದ ಹೆಡ್ ಬೇಡ. ಯುಎಸ್‌ಬಿ ಇರುವ ಅಗ್ಗದ ವಾಕ್‌ಮನ್ ಮಾದರಿಗಳು ಈ ಕೆಲಸಕ್ಕೆ ಆಗುವುದಿಲ್ಲ, ವೇಗ ನಿಲ್ಲುವುದಿಲ್ಲ.

ಕೆಲಸದ ಕ್ರಮ ಹೀಗೆ. ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಗೆ ಹಚ್ಚಿ ಹೆಡ್ ಒರೆಸಿ. ರಬ್ಬರ್ ಉರುಳೆಗೆ ಸೋಪಿನ ನೀರು ಸಾಕು. ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಮತ್ತೆ ಸುತ್ತಿಕೊಳ್ಳಿ, ವರ್ಷಗಟ್ಟಲೆ ಅಂಟಿಕೊಂಡ ಸುತ್ತುಗಳು ಬಿಡುತ್ತವೆ. ಆಮೇಲೆ ಹೆಡ್ಡಿನ ಪಕ್ಕದ ಓರೆ ತಿದ್ದುವ ಸ್ಕ್ರೂ: ಎರಡೂ ಚಾನಲ್ ಮೊನೊಗೆ ಸೇರಿಸಿ ಕೇಳುತ್ತಾ, ಸ, ಶ ಅಕ್ಷರಗಳು ಅತ್ಯಂತ ಚುರುಕಾಗಿ ಕೇಳುವ ಜಾಗಕ್ಕೆ ಕೂದಲೆಳೆಯಷ್ಟು ತಿರುಗಿಸಿ. ಪ್ರತಿ ಕ್ಯಾಸೆಟ್‌ಗೂ ಇದನ್ನು ಮಾಡಬೇಕು. ನಕಲಿನ ನಕಲು ಮಾಡಿದ ಒಂದೊಂದು ಯಂತ್ರದ ಓರೆಯೂ ಬೇರೆ. ಡಾಲ್ಬಿ (ಟೇಪಿನ ಸದ್ದು ತಗ್ಗಿಸುವ ಏರ್ಪಾಡು) ಗುರುತು ಕ್ಯಾಸೆಟ್ ಮೇಲೆ ಇದ್ದರೂ ನಕಲು ಮಾಡುವಾಗ ಹಾಕಿರಲಿಕ್ಕಿಲ್ಲ. ಆರಿಸಿ ಕೇಳಿ, ಹಾಕಿ ಕೇಳಿ. ಹಾಕಿದಾಗ ಧ್ವನಿಗೆ ಕಂಬಳಿ ಹೊದಿಸಿದಂತಾದರೆ ಆರಿಸಿಯೇ ಬಿಡಿ.

ಕಂಪ್ಯೂಟರಿನಲ್ಲಿ ಹೀಗೆ ಉಳಿಸಿ: 24 ಬಿಟ್, 48 ಅಥವಾ 96 ಕಿಲೋಹರ್ಟ್ಜ್, ವೇವ್ ಕಡತ. 96ರಲ್ಲಿ ಗಂಟೆಗೆ ಸುಮಾರು 2 ಜಿ.ಬಿ. ಅತ್ಯುಚ್ಚ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. ಸದ್ದು ತೆಗೆಯುವ ಫಿಲ್ಟರನ್ನು ಮೂಲ ಕಡತದ ಮೇಲೆ ಹಾಕಲೇಬೇಡಿ. ಖೇನ್‌ನ ಉಸಿರನ್ನೂ ಅದು ಟೇಪಿನ ಸದ್ದೆಂದು ತಿಳಿದು ತಿಂದುಹಾಕುತ್ತದೆ.

ವೇಗ ತಿದ್ದುವುದು ಕೊನೆಯ ಮಾತು. ಖೇನ್‌ನ ಶ್ರುತಿಯನ್ನು ನಂಬಬೇಡಿ, ಕೊಳವೆಯ ಉದ್ದಕ್ಕೆ ತಕ್ಕಂತೆ ಅದು ವಾದ್ಯದಿಂದ ವಾದ್ಯಕ್ಕೆ ಬೇರೆ. ಕರೆಂಟಿನ ಗುಂಯ್‌ಗುಡುವ ಸದ್ದನ್ನು ಸ್ಪೆಕ್ಟ್ರಮ್‌ನಲ್ಲಿ ನೋಡಿ. ಲಾವೋಸ್, ಥಾಯ್ಲೆಂಡ್, ಫ್ರಾನ್ಸಿನಲ್ಲಿ ಅದು 50 ಹರ್ಟ್ಜ್, ಅಮೆರಿಕದಲ್ಲಿ 60. ಮೂಲ ಮುದ್ರಣದ ಗುಂಯ್ 52ರಲ್ಲಿ ಕಂಡರೆ ಟೇಪು ಶೇ. 4ರಷ್ಟು ವೇಗವಾಗಿ ಓಡುತ್ತಿದೆ. ನಿಮ್ಮ ಮನೆಯ ಡೆಕ್ಕಿನ ಗುಂಯ್ 50ರಲ್ಲೇ ನಿಂತಿರುತ್ತದೆ. ಟೇಪು ನಿಲ್ಲಿಸಿದಾಗಲೂ ಉಳಿಯುವುದು ಅದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ಡಿಸ್ಕಾಗ್ಸ್‌ನಲ್ಲಿ ತಟ್ಟೆ ತರಿಸುವಾಗ ಏನು ನೋಡಿಕೊಳ್ಳಬೇಕು?
— ಓದುಗರು, ಠಾಣೆ

ಉತ್ತರ: ಡಿಸ್ಕಾಗ್ಸ್ ಎಂದರೆ ತಟ್ಟೆಗಳ ವಿವರ ಕೂಡಿಹಾಕುವ, ಮಾರಾಟವೂ ನಡೆಯುವ ಜಾಲತಾಣ. ಅಲ್ಲಿನ ದೇಶದ ಪಟ್ಟಿಯಲ್ಲಿ ಲಾವೋಸ್ ಒಂದನ್ನೇ ಆರಿಸಿದರೆ ಬೆರಳೆಣಿಕೆಯಷ್ಟು ಕಾಣುತ್ತವೆ, ಥಾಯ್ಲೆಂಡ್, ಫ್ರಾನ್ಸ್, ಅಮೆರಿಕಗಳಲ್ಲೂ ನೋಡಿ. ಮಾರುವವರಿಗೆ ಲಿಪಿ ಬಾರದೆ ‘ಅಜ್ಞಾತ ಕಲಾವಿದ’ ಎಂದು ಹಾಕಿದ್ದನ್ನು ಬಿಡಬೇಡಿ. ಲೇಬಲ್ಲಿನ ಚಿತ್ರ, ಮತ್ತು ಕೊನೆಯ ಗೆರೆಯ ಒಳಗೆ ಗೀರಿದ ಸಂಖ್ಯೆಯ ಚಿತ್ರ ಕೇಳಿ ತರಿಸಿಕೊಳ್ಳಿ. ಹ್ಮಾಂಗ್ ಭಾಷೆಯ ಹಾಡುಗಳನ್ನೂ ಲಾವೋಸ್ ಎಂದು ಹಾಕಿರುತ್ತಾರೆ. ಅದೂ ಅದೇ ದೇಶದ ಜನರದ್ದು, ಭಾಷೆ ಮಾತ್ರ ಬೇರೆ ಕುಟುಂಬದ್ದು.

ದರ್ಜೆಯ ಭಾಷೆಗೆ ಮೋಸಹೋಗಬೇಡಿ. ಅಲ್ಲಿ ‘ಗುಡ್’ ಎಂದರೆ ಕೆಟ್ಟದ್ದು, ‘ವೆರಿ ಗುಡ್’ ಎಂದರೆ ಸದ್ದು ಧಾರಾಳ. ನೆಮ್ಮದಿಯಾಗಿ ಕೇಳಲು ‘ವೆರಿ ಗುಡ್ ಪ್ಲಸ್’ ಬೇಕು. ಆದರೆ ಬೇರೆಲ್ಲೂ ಸಿಗದ ಹಾಡಿಗೆ ಈ ಪಟ್ಟಿಯನ್ನು ಕಟ್ಟುನಿಟ್ಟಾಗಿ ಹಿಡಿಯುವುದೂ ತರವಲ್ಲ.

ತಟ್ಟೆಯನ್ನು ಕವರಿನಿಂದ ಹೊರತೆಗೆದು ಪಕ್ಕದಲ್ಲಿಟ್ಟು ಕಳಿಸಲು ಹೇಳಿ, ಇಲ್ಲವಾದರೆ ದಾರಿಯಲ್ಲಿ ಅಂಚು ಕವರನ್ನು ಹರಿಯುತ್ತದೆ. ಎರಡೂ ಕಡೆ ರಟ್ಟು, ಹೊರಗೆ ಪ್ಲಾಸ್ಟಿಕ್. ಏಳಿಂಚಿನ ತಟ್ಟೆ ಸುಮಾರು 40 ಗ್ರಾಂ. ನಾಲ್ಕೈದು ಸೇರಿಸಿ ತರಿಸಿದರೆ ಸಾಗಣೆಯ ಹೊರೆ ಹಂಚಿಹೋಗುತ್ತದೆ. ಕಸ್ಟಮ್ಸ್ ಸುಂಕವನ್ನು ತಟ್ಟೆಯ ಬೆಲೆಯೊಂದಕ್ಕೇ ಹಾಕುವುದಿಲ್ಲ, ಸಾಗಣೆ ಮತ್ತು ವಿಮೆ ಸೇರಿಸಿ ಹಾಕುತ್ತಾರೆ. ಅಂಚೆಯಲ್ಲಿ ಬಂದರೆ ಬಲ್ಲಾರ್ಡ್ ಎಸ್ಟೇಟಿನ ವಿದೇಶಿ ಅಂಚೆ ಕಚೇರಿಯಿಂದ ಬೆಲೆಯ ಪುರಾವೆ ಕೇಳಿ ಪತ್ರ ಬರಬಹುದು. ಪಾವತಿಯ ರಸೀದಿ ಮುದ್ರಿಸಿ ಇಟ್ಟುಕೊಳ್ಳಿ. ‘ಉಡುಗೊರೆ’ ಎಂದು ಬರೆಸುವ ಜಾಣತನ ಬೇಡ, ಸುಳ್ಳು ಘೋಷಣೆಯ ಪೆಟ್ಟಿಗೆ ಅಲ್ಲೇ ಉಳಿದೀತು.

ಪ್ರಶ್ನೆ: ಇಳಿಸಿಕೊಂಡ ಹಾಡುಗಳನ್ನು ಎಲ್ಲರಿಗೂ ಸಿಗುವಂತೆ ಹಾಕಬಹುದೆ?
— ಓದುಗರು, ಪಿಂಪ್ರಿ

ಉತ್ತರ: ನೀವು ಕೇಳಲು ನಕಲಿಸಿಕೊಂಡರೆ ತೊಂದರೆಯಿಲ್ಲ, ಬಹಿರಂಗವಾಗಿ ಹಾಕುವುದು ಬೇರೆ ಮಾತು. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. 1964ರಲ್ಲಿ ಹೊರಬಂದ ತಟ್ಟೆಯ ಮುದ್ರಣದ ಹಕ್ಕು 2024ರ ಕೊನೆಗೆ ಮುಗಿಯಿತು. ಆದರೆ ಪದ್ಯ ಮತ್ತು ಮಟ್ಟಿನ ಹಕ್ಕು ರಚಿಸಿದವರು ತೀರಿಕೊಂಡ ನಂತರದ 60 ವರ್ಷಗಳವರೆಗೆ ಇರುತ್ತದೆ, ಮತ್ತು ಲಾವೋಸ್ 2012ರಿಂದ ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದಲ್ಲಿದೆ. ಅದಕ್ಕೆ ಬದಲು ಲೇಬಲ್ಲಿನ ಚಿತ್ರ, ಕ್ರಮಸಂಖ್ಯೆ, ಹೆಸರುಗಳ ಎಲ್ಲ ಕಾಗುಣಿತ ಮತ್ತು ಬುದ್ಧ ಶಕೆಯ ಇಸವಿಯನ್ನು ಡಿಸ್ಕಾಗ್ಸ್‌ನಲ್ಲಿ ಸೇರಿಸಿ; ಅದಕ್ಕೆ ಯಾರ ಅಪ್ಪಣೆಯೂ ಬೇಡ. ಲಾವೊ ಲಿಪಿಯಲ್ಲಿ ತುಂಬುವಾಗ ‘ಆಮ್’ ಚಿಹ್ನೆಯನ್ನು ಒಂದೇ ಅಕ್ಷರವಾಗಿ ಒತ್ತಿ, ಎರಡು ತುಂಡಿನ ರೂಪವನ್ನು ಟಿಪ್ಪಣಿಯಲ್ಲಿ ಹಾಕಿ.